ರಿಕ್ಷಾ: ನಮ್ಮ ಗಡಿಗೆ ಬಂದ ಒಂದು ಜಪಾನಿ ಮಾತು

ನಮ್ಮ ಜುಗೂಳ ಕೃಷ್ಣೆಯ ದಂಡೆಯ ಮೇಲಿನ ಊರು. ಹೊಳೆಯ ಆಚೆ ದಡದಲ್ಲಿ ಖಿದ್ರಾಪುರ, ಅಲ್ಲಿಯ ಕೋಪೇಶ್ವರ ದೇವಾಲಯ, ಅದು ಮಹಾರಾಷ್ಟ್ರ. ಈಚೆ ದಡದಲ್ಲಿ ನಾವು, ಇದು ಕರ್ನಾಟಕ. ಹಿಂದೆ ಅಥಣಿ ತಾಲೂಕಿಗೆ ಸೇರಿದ್ದೆವು, ಈಗ ಕಾಗವಾಡ ತಾಲೂಕಿಗೆ ಸೇರಿದ್ದೇವೆ. ದವಾಖಾನೆಗೆ, ಮದುವೆಯ ಜವಳಿಗೆ, ದೂರದ ರೈಲಿಗೆ ನಮ್ಮವರು ಹಿಡಿಯುವುದು ಮಿರಜದ ದಾರಿಯನ್ನೇ. ಇಂಥ ಗಡಿಯ ಊರಿನಲ್ಲಿ ಮಾತು ಶುದ್ಧವಾಗಿ ಉಳಿಯುವುದಿಲ್ಲ. ಉಳಿಯಬೇಕೆಂದು ನಾನು ಬಯಸಿದವನೂ ಅಲ್ಲ. ದವಾಖಾನೆಯಲ್ಲಿ ಅರಬ್ಬಿ, ಫಾರಸಿಗಳಿವೆ. ಸ್ಟೇಷನ್ನಿನಲ್ಲಿ ಇಂಗ್ಲಿಷ್ ಇದೆ. ಮರಾಠಿಯಂತೂ ಉಸಿರಿನಲ್ಲಿಯೇ ಬೆರೆತಿದೆ. ಆದರೆ ಮಿರಜ ಸ್ಟೇಷನ್ನಿನ ಹೊರಗೆ ನಿಂತು ನಮ್ಮೂರ ಮುದುಕಿಯೊಬ್ಬಳು “ಏ ರಿಕ್ಷಾ!” ಎಂದು ಕೈ ಎತ್ತಿ ಕೂಗಿದಾಗ, ಅವಳು ಆಡುತ್ತಿರುವುದು ಜಪಾನಿ ಮಾತು ಎಂಬುದು ಅವಳಿಗೂ ಗೊತ್ತಿರುವುದಿಲ್ಲ, ಓಗೊಟ್ಟು ಬಂದವನಿಗೂ ಗೊತ್ತಿರುವುದಿಲ್ಲ.

ಇದನ್ನು ಈಗ ಬರೆಯುವುದಕ್ಕೆ ಒಂದು ನಿಮಿತ್ತವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸದ ಮೇಲೆ ಜಪಾನಿಗೆ ಹೊರಟಿದ್ದಾನೆ. ಟ್ಯಾಕ್ಸಿ ಹತ್ತಿದಾಗ ಆಡಬೇಕಾದ ಮಾತುಗಳ ಎರಡು ಪುಟದ ಪಟ್ಟಿಯೊಂದನ್ನು ನನಗೆ ಕಳಿಸಿ, “ಸರ್, ಇದನ್ನ ಬಾಯಿಪಾಠ ಹ್ಯಾಂಗ ಮಾಡೂದ್ರಿ?” ಎಂದು ಕೇಳಿದ. ಜಪಾನಿ ಭಾಷೆ ನಾನು ಕಲಿತವನಲ್ಲ. ಆದರೆ ಇತಿಹಾಸವನ್ನೂ ಕನ್ನಡ ವ್ಯಾಕರಣವನ್ನೂ ಮೂವತ್ತು ವರ್ಷ ಕಲಿಸಿದವನಿಗೆ ಒಂದು ಪಟ್ಟಿ ಕೈಗೆ ಸಿಕ್ಕರೆ ಸುಮ್ಮನಿರಲಾಗದು. ಪುಸ್ತಕ, ನಿಘಂಟುಗಳನ್ನು ತೆಗೆದು ಕುಳಿತೆ. ಅವನಿಗೆ ಬರೆದ ಉತ್ತರವೇ ಬೆಳೆದು ಈ ಲೇಖನವಾಗಿದೆ.

ಮೊದಲು ರಿಕ್ಷಾ ಪದದ ವಿಚಾರ. ಮೂಲ ಜಪಾನಿ ರೂಪ ‘ಜಿನ್‌ರಿಕಿಶಾ’. ಅದನ್ನು ಮೂರು ಚೀನೀ ಅಕ್ಷರಗಳಲ್ಲಿ ಬರೆಯುತ್ತಾರೆ. ಜಿನ್ ಎಂದರೆ ಮನುಷ್ಯ, ರಿಕಿ ಎಂದರೆ ಬಲ, ಶಾ ಎಂದರೆ ಗಾಲಿಯ ವಾಹನ. ನಮ್ಮ ಸಮಾಸದ ಲೆಕ್ಕದಲ್ಲಿ ಬಿಡಿಸಿದರೆ ‘ಮನುಷ್ಯಬಲವಾಹನ’. ಹೆಸರಿನಲ್ಲಿ ಯಾವ ಮುಚ್ಚುಮರೆಯೂ ಇಲ್ಲ. ಕುದುರೆ ಎಳೆದರೆ ಕುದುರೆಗಾಡಿ, ಎತ್ತು ಎಳೆದರೆ ಎತ್ತಿನ ಗಾಡಿ, ಮನುಷ್ಯ ಎಳೆದರೆ ಮನುಷ್ಯಬಲದ ಗಾಡಿ, ಅಷ್ಟೇ.

ಅದು ಹುಟ್ಟಿದ್ದು 1869ರ ಸುಮಾರಿಗೆ, ಟೋಕಿಯೋದಲ್ಲಿ. ಅದರ ಹಿಂದಿನ ವರ್ಷವಷ್ಟೇ ಶೋಗನ್ನರ ಆಳಿಕೆ ಮುಗಿದು ಮೇಜಿ ಚಕ್ರವರ್ತಿಯ ಕಾಲ ಆರಂಭವಾಗಿತ್ತು. ಎದೋ ಎಂಬ ನಗರ ಟೋಕಿಯೋ ಎಂಬ ಹೊಸ ಹೆಸರು ಪಡೆದಿತ್ತು. ಹಳೆಯ ಆಡಳಿತದಲ್ಲಿ ಜನ ಗಾಲಿಯ ವಾಹನದಲ್ಲಿ ಕುಳಿತು ಸಂಚರಿಸುವುದು ರೂಢಿಯಲ್ಲಿರಲಿಲ್ಲ. ಉಳ್ಳವರು ‘ಕಾಗೊ’ ಎಂಬ ಮೇಣೆಯಲ್ಲಿ ಕುಳಿತು, ಇಬ್ಬರ ಹೆಗಲ ಮೇಲೆ ಹೋಗುತ್ತಿದ್ದರು. ಆ ನಿರ್ಬಂಧ ಸಡಿಲವಾದೊಡನೆ ಇಜುಮಿ ಯೋಸುಕೆ, ತಕಯಾಮಾ ಕೋಸುಕೆ, ಸುಜುಕಿ ತೊಕುಜಿರೋ ಎಂಬ ಮೂವರು ಎರಡು ಗಾಲಿಯ ಗಾಡಿಯೊಂದನ್ನು ರೂಪಿಸಿದರು. 1870ರಲ್ಲಿ ಟೋಕಿಯೋದ ಆಡಳಿತ ಅವರಿಗೆ ಪರವಾನಗಿ ಕೊಟ್ಟಿತು. ಇದು ತನ್ನ ಕಲ್ಪನೆಯೆಂದು ಅಮೆರಿಕದ ಪಾದ್ರಿಯೊಬ್ಬರ ವಾದವೂ ಇತ್ತು. ಆದರೆ ಪರವಾನಗಿಯಲ್ಲಿರುವುದು ಈ ಮೂವರ ಹೆಸರು, ನಾನು ಅವರ ಕಡೆಗೇ ನಿಲ್ಲುತ್ತೇನೆ.

ಲೆಕ್ಕ ಸರಳವಾಗಿತ್ತು. ಮೇಣೆಗೆ ಇಬ್ಬರು ಬೇಕು, ಜಿನ್‌ರಿಕಿಶಾಕ್ಕೆ ಒಬ್ಬ ಸಾಕು. ಅವನು ಓಡಿಯೂ ಹೋಗಬಲ್ಲ. 1872ರ ಹೊತ್ತಿಗೆ ಟೋಕಿಯೋ ಒಂದರಲ್ಲಿಯೇ ಸುಮಾರು 40,000 ಗಾಡಿಗಳಾದವು. 1890ರ ದಶಕದ ನಡುವಿನಲ್ಲಿ ದೇಶದ ಒಟ್ಟು ಸಂಖ್ಯೆ ಎರಡು ಲಕ್ಷವನ್ನು ದಾಟಿತ್ತು. ಮೇಣೆ ಹೊರುವವರು ಗಾಡಿ ಎಳೆಯುವವರಾದರು. 1892ರ ಅಕ್ಟೋಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ತಂಗಿದ್ದ ಸ್ವಾಮಿ ವಿವೇಕಾನಂದರು ಮರುವರ್ಷ ಶಿಕಾಗೋಗೆ ಹೋಗುವ ದಾರಿಯಲ್ಲಿ ಜಪಾನಿನ ಪಟ್ಟಣಗಳನ್ನು ಕಂಡಾಗ, 1898ರಲ್ಲಿ ವಿಶ್ವೇಶ್ವರಯ್ಯನವರು ಆ ದೇಶವನ್ನು ನೋಡಲು ಹೋದಾಗ, ಅಲ್ಲಿಯ ಬೀದಿಗಳ ಬಾಡಿಗೆ ವಾಹನವೆಂದರೆ ಇದೇ. ಟ್ಯಾಕ್ಸಿ ಇನ್ನೂ ಬಂದಿರಲಿಲ್ಲ.

ಜಪಾನಿನಿಂದ ಗಾಡಿ ಶಾಂಘಾಯ್‌ಗೆ ಹೋಯಿತು, ಅಲ್ಲಿಂದ ಸಿಂಗಾಪುರಕ್ಕೆ ಹೋಯಿತು. 1880ರ ಸುಮಾರಿಗೆ ನಮ್ಮ ಸಿಮ್ಲಾ ಬೆಟ್ಟವನ್ನು ಏರಿತು. ಸಿಮ್ಲಾದ ಕಿರಿದಾದ ಏರುದಾರಿಗಳಲ್ಲಿ ಒಬ್ಬ ಎಳೆದರೆ ಸಾಲದು. ನಾಲ್ವರು ಬೇಕಾಗುತ್ತಿತ್ತು, ಇಬ್ಬರು ಮುಂದೆ, ಇಬ್ಬರು ಹಿಂದೆ. ವೈಸರಾಯ್ ಮತ್ತು ಇನ್ನೊಬ್ಬಿಬ್ಬರು ಅತಿ ದೊಡ್ಡ ಅಧಿಕಾರಿಗಳನ್ನು ಬಿಟ್ಟರೆ ಮಾಲ್ ರಸ್ತೆಯಲ್ಲಿ ಕುದುರೆಯ ಸಾರೋಟು ಓಡಿಸಲು ಯಾರಿಗೂ ಅನುಮತಿ ಇರಲಿಲ್ಲವಾದ್ದರಿಂದ ಮಡದಿಯರು, ಮೇಜರರು ಎಲ್ಲರೂ ರಿಕ್ಷಾದಲ್ಲಿಯೇ. ಕಿಪ್ಲಿಂಗ್ ತನ್ನ ದೆವ್ವದ ಕಥೆಯೊಂದರಲ್ಲಿ ರಿಕ್ಷಾವನ್ನೇ ದೆವ್ವವಾಗಿ ಮಾಡಿದ. ಅದು 1888ರಲ್ಲಿ ಪುಸ್ತಕವಾಯಿತು. ಮುಂದೆ ಕಲಕತ್ತೆಗೂ ಮದ್ರಾಸಿಗೂ ಅದು ಹಬ್ಬಿತು.

ಈ ಪ್ರಯಾಣದಲ್ಲಿ ಪದಕ್ಕೆ ಏನಾಯಿತು ಎಂಬುದೇ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ ಸಂಗತಿ. ಇಂಗ್ಲಿಷರ ನಾಲಿಗೆಗೆ ಜಿನ್‌ರಿಕಿಶಾ ಉದ್ದವಾಯಿತು. ಮೊದಲ ಅಕ್ಷರವನ್ನು ಕತ್ತರಿಸಿ ರಿಕ್ಷಾ ಮಾಡಿದರು. ಕತ್ತರಿಸಿದ ತುಂಡು ಯಾವುದು? ಜಿನ್, ಅಂದರೆ ಮನುಷ್ಯ. ಉಳಿದದ್ದು ‘ಬಲವಾಹನ’. ಯಾರ ಬಲ ಎಂಬುದು ಹೆಸರಿನಿಂದ ಹೊರಗೆ ಬಿದ್ದಿತು. ಇದನ್ನು ಯಾರೂ ಬೇಕೆಂದು ಮಾಡಲಿಲ್ಲ, ಉಚ್ಚಾರಣೆಯ ಸೌಕರ್ಯಕ್ಕೆ ಆದದ್ದು ಎಂಬುದನ್ನು ಬಲ್ಲೆ. ಪದದ ಮುಂದಿನ ಕಥೆಯನ್ನು ನೋಡಿದಾಗ ಮಾತ್ರ ಮನಸ್ಸು ಅಲ್ಲಿಗೇ ಹೋಗುತ್ತದೆ.

ನಮ್ಮ ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಆ ರಾಜ್ಯದ ಗೃಹಮಂತ್ರಿಗಳಾಗಿದ್ದ ಮೊರಾರ್ಜಿ ದೇಸಾಯಿಯವರು, ಮನುಷ್ಯ ತುಳಿದು ಮನುಷ್ಯನನ್ನು ಸಾಗಿಸುವ ಸೈಕಲ್ ರಿಕ್ಷಾ ಅಮಾನವೀಯವಾದುದೆಂದು ಅದರ ವಿರುದ್ಧ ನಿಂತರು. ಸ್ವಾತಂತ್ರ್ಯ ಚಳವಳಿಯಲ್ಲಿ ಭಾಗವಹಿಸಿದ್ದ ಅಹಮದನಗರದ ನವಲಮಲ್ ಕುಂದನಮಲ್ ಫಿರೋದಿಯಾ ಅವರಿಗೆ ಆಗ ಹೊಳೆದದ್ದು, ಇಟಲಿಯಲ್ಲಿ ಸಾಮಾನು ಸಾಗಿಸಲು ಹೊಸದಾಗಿ ಬಂದಿದ್ದ ಮೂರು ಗಾಲಿಯ ಮೋಟಾರು ಗಾಡಿಯನ್ನು ಜನ ಕೂರುವಂತೆ ಮಾರ್ಪಡಿಸಬಹುದು ಎಂಬ ವಿಚಾರ. ಹಾಗೆ 1948ರ ಸುಮಾರಿಗೆ ನಮ್ಮ ದೇಶದಲ್ಲಿ ಆಟೋರಿಕ್ಷಾದ ಕಥೆ ಶುರುವಾಗುತ್ತದೆ. ಆ ಇಟಲಿಯ ಗಾಡಿಯ ಹೆಸರು ‘ಆಪೆ’. ಅವರ ಭಾಷೆಯಲ್ಲಿ ಜೇನುಹುಳ ಎಂದರ್ಥ. ಅದರ ಸದ್ದು ಕೇಳಿದವರಿಗೆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಆಟೋರಿಕ್ಷಾ ಎಂಬ ಹೊಸ ಸಮಾಸವನ್ನು ಬಿಡಿಸಿ ನೋಡಿ. ‘ಆಟೋ’ ಎಂಬುದು ಗ್ರೀಕ್ ಮೂಲದ್ದು, ‘ತಾನೇ’ ಎಂದು ಅರ್ಥ. ಜಪಾನಿಯಲ್ಲಿ ‘ಮನುಷ್ಯ’ ಇದ್ದ ಸ್ಥಾನದಲ್ಲಿಯೇ, ಅದೇ ಪೂರ್ವಪದದ ಜಾಗದಲ್ಲಿಯೇ, ‘ತಾನೇ’ ಬಂದು ಕುಳಿತಿತು. ಮನುಷ್ಯಬಲವಾಹನ ಹೋಗಿ ಸ್ವಬಲವಾಹನವಾಯಿತು. ಹೆಸರಿನಿಂದ ಮನುಷ್ಯ ಎರಡನೆಯ ಸಲ ಇಳಿದ. ಆದರೆ ಈ ಸಲ ಇಳಿದದ್ದು ಅವನ ಹೆಗಲಿನ ಭಾರವನ್ನು ಕೆಳಗಿಟ್ಟು. ಆಮೇಲೆ ನಾವು ಕನ್ನಡಿಗರು ಆ ಸಮಾಸವನ್ನೂ ಒಡೆದು ಹಂಚಿಕೊಂಡೆವು. ಬೆಂಗಳೂರು, ಮೈಸೂರು ಕಡೆಯವರು ಪೂರ್ವಪದವನ್ನು ಇಟ್ಟುಕೊಂಡು ‘ಆಟೋ’ ಎಂದರು. 1980ರಲ್ಲಿ ಶಂಕರ್‌ನಾಗ್ ‘ಆಟೋ ರಾಜ’ನಾದ ಮೇಲಂತೂ ಅಲ್ಲಿ ಬೇರೆ ಮಾತೇ ಇಲ್ಲ. ಬೆಳಗಾವಿ, ಹುಬ್ಬಳ್ಳಿ ಕಡೆಯವರು ಉತ್ತರಪದವನ್ನು ಇಟ್ಟುಕೊಂಡು ‘ರಿಕ್ಷಾ’ ಎಂದೆವು. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ವಿದ್ಯಾರ್ಥಿಗಳು ಊರಿಗೆ ಬಂದು ‘ಆಟೋ’ ಎಂದರೆ ಇಲ್ಲಿಯ ಗೆಳೆಯರು ನಗುತ್ತಾರೆ. ನಗುವವರ ಬಾಯಲ್ಲಿರುವುದು ಜಪಾನಿ, ನಗಿಸಿಕೊಳ್ಳುವವರ ಬಾಯಲ್ಲಿರುವುದು ಗ್ರೀಕ್.

ಫಿರೋದಿಯಾ ಅವರ ಹೆಸರನ್ನು ನಮ್ಮೂರಿನವರು ಇನ್ನೊಂದು ಕಾರಣಕ್ಕೂ ನೆನೆಯಬೇಕು. ಅವರು 1958ರಲ್ಲಿ ಕಟ್ಟಿದ ಬಜಾಜ್ ಟೆಂಪೋ ಕಂಪನಿಯಿಂದಲೇ ನಮ್ಮ ‘ಟೆಂಪೋ’ ಎಂಬ ಶಬ್ದ ಹಳ್ಳಿ ಹಳ್ಳಿಗೆ ಬಂದದ್ದು. ಮುಂದೆ ಹೆಸರು ಬದಲಿಸಿ ಫೋರ್ಸ್ ಮೋಟಾರ್ಸ್ ಆದ ಅದೇ ಕಂಪನಿಯ ಟ್ರ್ಯಾಕ್ಸ್, ಕ್ರೂಸರ್‌ಗಳು ಈ ಭಾಗದ ಹಳ್ಳಿಗಳ ನಿಜವಾದ ಟ್ಯಾಕ್ಸಿಗಳು. ಹೊಳೆಯಾಚೆ ಕೊಲ್ಹಾಪುರ, ಸಾಂಗಲಿ ಕಡೆಯವರು ಈ ಹಂಚಿಕೆಯ ಸವಾರಿಗೆ ‘ವಡಾಪ್’ ಎನ್ನುತ್ತಾರೆ. ವಿಜಾಪುರ, ಬಾಗಲಕೋಟೆಯ ಕಡೆ ಮೂರು ಗಾಲಿಯ ದೊಡ್ಡ ಗಾಡಿಗೆ ‘ಟಂಟಂ’ ಎನ್ನುತ್ತಾರೆ. ಮೀಟರಿಲ್ಲ, ಚೀಟಿಯಿಲ್ಲ, ತುಂಬಿದ ಹೊರತು ಹೊರಡುವುದಿಲ್ಲ. ಈ ಸವಾರಿಯ ಭಾಷೆಯ ಬಗ್ಗೆ ಮುಂದೆ ಒಂದು ಮಾತು ಹೇಳುವುದಿದೆ.

ಈಗ ಜಪಾನಿನ ಟ್ಯಾಕ್ಸಿಗೆ ಬರೋಣ. ಟೋಕಿಯೋದಲ್ಲಿ ಮೊದಲ ಟ್ಯಾಕ್ಸಿ ಕಂಪನಿ 1912ರಲ್ಲಿ ಆರು ಫೋರ್ಡ್ ಮಾಡೆಲ್-ಟಿ ಕಾರುಗಳೊಂದಿಗೆ ಆರಂಭವಾಯಿತು. ಅದು ಕೆಲಸ ಶುರುಮಾಡಿದ ಆಗಸ್ಟ್ 5 ಅಲ್ಲಿ ಇಂದಿಗೂ ಟ್ಯಾಕ್ಸಿ ದಿನ. ನಮ್ಮ ಮುಂಬಯಿ ಒಂದು ವರ್ಷ ಮುಂದಿತ್ತು. ಅಲ್ಲಿ 1911ರಲ್ಲಿಯೇ ಟ್ಯಾಕ್ಸಿಗಳು ಬಂದಿದ್ದವು. 1924ರಲ್ಲಿ ಒಸಾಕಾದಲ್ಲಿ, 1926ರಲ್ಲಿ ಟೋಕಿಯೋದಲ್ಲಿ ‘ಎನ್-ತಾಕು’ ಎಂಬುದು ಬಂತು. ನಗರದೊಳಗೆ ಎಲ್ಲಿಗೆ ಹೋದರೂ ಒಂದು ಯೆನ್. ಟ್ಯಾಕ್ಸಿ ಅಗ್ಗವಾದಂತೆ ಗಾಡಿ ಎಳೆಯುವವರು ಬೀದಿಯಿಂದ ಮಾಯವಾದರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಅಲ್ಲಿಯ ಟ್ಯಾಕ್ಸಿಗಳೂ ಇಲ್ಲಿಯ ಸರ್ವಿಸ್ ಮೋಟಾರುಗಳೂ ಒಂದೇ ಉಪಾಯ ಹೂಡಿದವು: ಹಿಂದೆ ಕುಲುಮೆಯಂಥ ಡಬ್ಬಿ, ಅದರಲ್ಲಿ ಇದ್ದಲು, ಆ ಅನಿಲದಿಂದ ಎಂಜಿನ್ನು. ಇದ್ದಲಿನ ಮೋಟಾರಿನ ಕಥೆಯನ್ನು ನಮ್ಮ ಹಿರಿಯರ ಬಾಯಲ್ಲಿ ಕೇಳಿದವರು ನಿಮ್ಮಲ್ಲಿ ಇನ್ನೂ ಇದ್ದೀರಿ.

ಯುದ್ಧಾನಂತರದ ಒಂದು ಅಧ್ಯಾಯ ಹೆಚ್ಚು ಮುಖ್ಯವಾದುದು. 1950ರ ದಶಕದ ಕೊನೆಗೆ ಟೋಕಿಯೋದ ಪತ್ರಿಕೆಗಳಲ್ಲಿ ‘ಕಾಮಿಕಾಜೆ ಟ್ಯಾಕ್ಸಿ’ ಎಂಬ ಮಾತು ಓಡಾಡಿತು. ಕಾಮಿಕಾಜೆ ಎಂದರೆ ಯುದ್ಧದಲ್ಲಿ ತಮ್ಮ ವಿಮಾನವನ್ನೇ ಶತ್ರುವಿನ ಹಡಗಿನ ಮೇಲೆ ಕೆಡವಿ ಸಾಯುತ್ತಿದ್ದ ಪೈಲಟ್ಟುಗಳು. ಟ್ಯಾಕ್ಸಿಯವರು ಹಾಗೆ ನುಗ್ಗುತ್ತಾರೆ ಎಂಬ ಬೈಗುಳ ಅದು. ಆದರೆ ಅವರೇಕೆ ನುಗ್ಗುತ್ತಿದ್ದರು ಎಂದು ನೋಡಿದರೆ ಕಾರಣ ಬೇರೆ. ಕಂಪನಿಯವರು ದಿನಕ್ಕೆ ಇಷ್ಟು ಗಳಿಸಿ ತರಬೇಕೆಂದು ಗೊತ್ತುಮಾಡುತ್ತಿದ್ದರು. ಸಂಬಳ ಕಡಿಮೆ, ಗಳಿಕೆಯ ಮೇಲಿನ ಪಾಲೇ ಆಧಾರ. ಓಡಿಸದಿದ್ದರೆ ಒಲೆ ಉರಿಯುವುದಿಲ್ಲ. ಇದು ದೊಡ್ಡ ಚರ್ಚೆಯಾದ ಬಳಿಕ, 1959ರ ಡಿಸೆಂಬರಿನಲ್ಲಿ ಸರ್ಕಾರ ಅನುಭವವುಳ್ಳ 173 ಚಾಲಕರಿಗೆ ಸ್ವಂತ ಟ್ಯಾಕ್ಸಿ ಓಡಿಸುವ ಪರವಾನಗಿಯನ್ನು ಮೊದಲ ಬಾರಿಗೆ ಕೊಟ್ಟಿತು. ‘ಕೊಜಿನ್ ತಕುಶೀ’ ಎಂದು ಅದರ ಹೆಸರು. ಕೊಜಿನ್ ಎಂದರೆ ವ್ಯಕ್ತಿ, ಒಬ್ಬ ಮನುಷ್ಯ. ಗಮನಿಸಿ, ಅದೇ ‘ಜಿನ್’. ಸಿಮ್ಲಾದ ದಾರಿಯಲ್ಲಿ ನಾವು ಬೀಳಿಸಿದ ಅಕ್ಷರ ಜಪಾನಿನ ಟ್ಯಾಕ್ಸಿಯ ಮೇಲೆ ಹೀಗೆ ಮತ್ತೆ ಕಾಣುತ್ತದೆ.

ಆ ಎರಡು ಪುಟದ ಪಟ್ಟಿಗೆ ಬಂದರೆ, ಮೊದಲನೆಯ ಸಮಾಧಾನ ಶಬ್ದಗಳದು. ಟ್ಯಾಕ್ಸಿಗೆ ಅವರು ‘ತಕುಶೀ’ ಎನ್ನುತ್ತಾರೆ, ಮೀಟರಿಗೆ ‘ಮೇತಾ’, ಬಸ್ಸಿಗೆ ‘ಬಸು’, ಹೋಟೆಲಿಗೆ ‘ಹೋತೆರು’. ಪರಭಾಷೆಯ ಪದ ವ್ಯಂಜನದಲ್ಲಿ ಕೊನೆಯಾದರೆ ಅವರ ನಾಲಿಗೆ ಒಪ್ಪುವುದಿಲ್ಲ, ಕೊನೆಗೊಂದು ಸ್ವರವನ್ನು, ಬಹಳ ಸಲ ‘ಉ’ಕಾರವನ್ನು, ಅಂಟಿಸುತ್ತಾರೆ. ನಾವು ಬಸ್ಸು, ಕಾರು, ಹೋಟೆಲು ಮಾಡಿಕೊಂಡದ್ದೂ ಇದೇ ಬಗೆಯಲ್ಲಿ. ತರಗತಿಯಲ್ಲಿ ನಾನು ಪಾಠ ಹೇಳಿದ ‘ಉ’ಕಾರದ ನೆರವು ಸಮುದ್ರದಾಚೆಯೂ ಸಿಕ್ಕಿತಲ್ಲ ಎಂದು ಹಿಗ್ಗಿದೆ.

ಎರಡನೆಯದು ವಾಕ್ಯದ ಕಟ್ಟು. ಪಟ್ಟಿಯ ಮೊದಲ ಮಾತು: ‘ಎಕಿ ಮದೆ ಒನೆಗಾಯ್ ಶಿಮಾಸು.’ ಎಕಿ ಎಂದರೆ ರೈಲು ನಿಲ್ದಾಣ, ಮದೆ ಎಂದರೆ ತನಕ. ಇಂಗ್ಲಿಷಿನಂತೆ ಮೊದಲು ‘ತನಕ’ ಹೇಳಿ ಆಮೇಲೆ ಊರು ಹೇಳುವುದಿಲ್ಲ. ನಮ್ಮ ಹಾಗೆ ‘ಸ್ಟೇಷನ್ ತನಕ’. ಒನೆಗಾಯ್ ಶಿಮಾಸು ಎಂಬುದು ಬೇಡಿಕೊಳ್ಳುತ್ತೇನೆ ಎಂಬರ್ಥದ ಮಾತು. ‘ಸ್ಟೇಷನ್ ತನಕ, ಬೇಡಿಕೊಳ್ಳುತ್ತೇನೆ.’ ಹೋಗು ಎಂಬ ಕ್ರಿಯಾಪದವೇ ಇಲ್ಲ. ನಾವಾದರೂ ಹೋಗು ಎನ್ನುವುದಿಲ್ಲ, “ದವಾಖಾನಿಗೆ ಬರ್ತೀಯೇನಪಾ?” ಎಂದು ಅವನನ್ನೇ ನಮ್ಮ ಜೊತೆಗೆ ಕರೆಯುತ್ತೇವೆ. ಇದು ನನಗೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಮೂರನೆಯ ಮಾತು ನೋಡಿ ನಾನು ಕುರ್ಚಿಯಿಂದ ಎದ್ದೆ. ‘ಕೊಕೊ ದೆ ತೊಮೆತೆ ಕುದಸಾಯ್.’ ಕೊಕೊ ಎಂದರೆ ಈ ಜಾಗ; ದೆ ನಮ್ಮ ಸಪ್ತಮಿಯ ‘ಅಲ್ಲಿ’; ತೊಮೆತೆ ಎಂದರೆ ನಿಲ್ಲಿಸಿ, ಅದೂ ನಮ್ಮ ‘ಮಾಡಿ ಬಂದನು, ನೋಡಿ ಹೋದನು’ ಎಂಬಲ್ಲಿಯ ಪೂರ್ವಕಾಲ ಕೃದಂತದಂಥ ರೂಪ; ಕುದಸಾಯ್ ಎಂಬುದು ಕೊಡು ಎಂಬುದರ ಗೌರವರೂಪ. ಹಾಗಾದರೆ ಇಡೀ ವಾಕ್ಯ ‘ಇಲ್ಲಿ ನಿಲ್ಲಿಸಿ ಕೊಡಿರಿ.’ ನಮ್ಮ ಮನೆಗಳಲ್ಲಿ ‘ಒಂದೀಟು ಬರೆದು ಕೊಡ್ರಿ, ಹೇಳಿ ಕೊಡ್ರಿ’ ಎಂದು ಆಡುವ ಕಟ್ಟೇ ಅದು. ಅಕ್ಷರಕ್ಕೆ ಅಕ್ಷರ ಕನ್ನಡಿಸಿದರೂ ವಾಕ್ಯ ಮುರಿಯುವುದಿಲ್ಲ. ಬಾಡಿಗೆ ಕೇಳುವ ‘ಇಕುರಾ ದೆಸು ಕಾ’ ಎಂಬಲ್ಲಿಯೂ ಎಷ್ಟು ಎಂಬುದು ಮೊದಲು, ಪ್ರಶ್ನೆಯ ಗುರುತು ‘ಕಾ’ ಕೊನೆಗೆ. ನಮ್ಮ ‘ಬಂದನಾ’ ಎಂಬಲ್ಲಿಯ ‘ಆ’ದಂತೆ.

ಇಷ್ಟರಿಂದಲೇ ಎರಡೂ ಭಾಷೆಗಳು ಅಕ್ಕತಂಗಿಯರು ಎಂದು ಸಾರುವವರಿದ್ದಾರೆ. ಓನೋ ಸುಸುಮು ಎಂಬ ಹಿರಿಯ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ಸಂಬಂಧ ಕಲ್ಪಿಸಿ ಬಹಳ ವರ್ಷ ವಾದಿಸಿದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ವಾಕ್ಯದ ಕಟ್ಟು ಹೋಲುವುದು ಬೇರೆ, ರಕ್ತಸಂಬಂಧ ಬೇರೆ. ಒಂದೇ ಅಳತೆಯ ಅಂಗಿ ತೊಟ್ಟವರೆಲ್ಲ ಒಂದೇ ಮನೆಯವರಲ್ಲ. ಆದರೂ ಕಲಿಯುವವನಿಗೆ ಈ ಹೋಲಿಕೆ ದೊಡ್ಡ ಆಸರೆ. ಆದ್ದರಿಂದ ನನ್ನ ವಿದ್ಯಾರ್ಥಿಗೆ ಹೇಳಿದೆ: ಇಂಗ್ಲಿಷ್ ಅರ್ಥವನ್ನು ಕಾಗದದಿಂದ ಹೊಡೆದುಹಾಕು, ಕನ್ನಡದಲ್ಲಿ ಬರೆದುಕೋ, ಆಗ ಬಾಯಿಪಾಠ ಬೇಕಾಗುವುದಿಲ್ಲ. ಮಿಗಿ ಎಂದರೆ ಬಲ, ಹಿದರಿ ಎಂದರೆ ಎಡ, ಮಸ್ಸುಗು ಎಂದರೆ ನೆಟ್ಟಗೆ. ಈ ಮೂರನ್ನು ಮಾತ್ರ ಗಟ್ಟಿ ಮಾಡು.

ಹಳಗನ್ನಡ ಓದಿದವರಿಗೆ ಇನ್ನೊಂದು ಸವಿ ಇದೆ. ಕೊಕೊ ಎಂದರೆ ನನ್ನ ಬಳಿ, ಸೊಕೊ ಎಂದರೆ ನಿನ್ನ ಬಳಿ, ಅಸೊಕೊ ಎಂದರೆ ಇಬ್ಬರಿಗೂ ದೂರ. ಇತ್ತ, ಉತ್ತ, ಅತ್ತ ಎಂದು ಹಳಗನ್ನಡದಲ್ಲಿಯೂ ಮೂರು ಮೆಟ್ಟಿಲುಗಳಿದ್ದವು. ನಡುವಿನ ‘ಉ’ಕಾರದ ಮೆಟ್ಟಿಲನ್ನು ನಾವು ಕಳೆದುಕೊಂಡೆವು, ಅವರು ಇನ್ನೂ ದಿನನಿತ್ಯ ತುಳಿಯುತ್ತಾರೆ.

ಟ್ಯಾಕ್ಸಿಯ ಗಾಜಿನ ಹಿಂದೆ ಎರಡು ಅಕ್ಷರ ಹೊಳೆಯುತ್ತಿರುತ್ತವೆ: ‘ಕೂಶಾ’. ಖಾಲಿ ಗಾಡಿ ಎಂದರ್ಥ. ಅದು ಹೆಚ್ಚಾಗಿ ಕೆಂಪು ದೀಪದಲ್ಲಿರುವುದರಿಂದ ನಮ್ಮವರು ಬರಬಾರದೆಂದು ತಿಳಿದು ನಿಂತೇಬಿಡುತ್ತಾರಂತೆ! ‘ಶಾ’ ಎಂಬುದು ರಿಕ್ಷಾದ ಕೊನೆಯ ಅಕ್ಷರವೇ. ‘ಕೂ’ ಎಂಬುದು, ಬೌದ್ಧ ಸೂತ್ರಗಳನ್ನು ಚೀನೀ ಭಾಷೆಗೆ ತಂದವರು ಸಂಸ್ಕೃತದ ‘ಶೂನ್ಯ’ಕ್ಕೆ ಆರಿಸಿಕೊಂಡ ಅಕ್ಷರ. ಅಲ್ಲಮನ ಶೂನ್ಯಸಿಂಹಾಸನದ ನಾಡಿನವನು ಟೋಕಿಯೋದ ರಾತ್ರಿಯಲ್ಲಿ ಶೂನ್ಯವಾಹನಕ್ಕೆ ಕೈ ಮಾಡುತ್ತಾನೆ. ಹತ್ತಿರ ಬಂದು ನಿಂತಾಗ ಹಿಂದಿನ ಎಡಬಾಗಿಲು ತಾನಾಗಿ ತೆರೆಯುತ್ತದೆ. ಚಾಲಕ ತನ್ನ ಆಸನದಿಂದಲೇ ತೆರೆಯುವ ಈ ಏರ್ಪಾಡು 1964ರ ಟೋಕಿಯೋ ಒಲಿಂಪಿಕ್ಸ್ ಹೊತ್ತಿಗೆ ಎಲ್ಲೆಡೆ ಹಬ್ಬಿತು. ನಾವು ಬಾಗಿಲನ್ನು ಮುಟ್ಟಬಾರದು. ಬಾಡಿಗೆಯ ಮೇಲೆ ‘ಚಹಾಕ್ಕೆ’ ಎಂದು ಕೊಡುವ ಪದ್ಧತಿ ಇಲ್ಲ, ಕೊಟ್ಟರೆ ಹಿಂದಿರುಗಿಸುತ್ತಾರೆ. ಬೀದಿಗಳಿಗೆ ಬಹುಮಟ್ಟಿಗೆ ಹೆಸರುಗಳೇ ಇಲ್ಲದ್ದರಿಂದ ವಿಳಾಸ ಹೇಳುವುದು ಅಲ್ಲಿ ನಮ್ಮೂರಿನಷ್ಟೇ ಕಠಿಣ; ಇಂಥ ಅಂಗಡಿಯ ಹಿಂದೆ, ಇಂಥ ಗುಡಿಯ ಮಗ್ಗುಲಿಗೆ ಎಂದೇ ಹೇಳಬೇಕು.

ಆ ಪಟ್ಟಿಯಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಚಾಲಕನನ್ನು ಕರೆಯುವ ಪದ. ‘ಉನ್‌ತೆನ್‌ಶು-ಸಾನ್.’ ಉನ್‌ತೆನ್‌ಶು ಎಂದರೆ ಚಾಲಕ. ಸಾನ್ ಎಂಬುದು ವೈದ್ಯರ ಹೆಸರಿಗೂ ನೆರೆಯವರ ಹೆಸರಿಗೂ ಹಚ್ಚುವ ‘ಅವರು’, ನಮ್ಮ ಮಾತಿನಲ್ಲಿ ‘ರೀ’. ಅದನ್ನು ಓದಿದಾಗ ಮಿರಜ ಸ್ಟೇಷನ್ನಿನ “ಏ ರಿಕ್ಷಾ!” ಕಿವಿಯಲ್ಲಿ ಮತ್ತೆ ಕೇಳಿಸಿತು. ನಾವು ಕರೆಯುವುದು ಗಾಡಿಯನ್ನು, ಬರುವವನು ಮನುಷ್ಯ. ನನ್ನ ಬಾಲ್ಯದಲ್ಲಿ ಕುದುರೆಗಾಡಿಯವನನ್ನೂ “ಏ ಟಾಂಗಾ!” ಎಂದೇ ಕರೆಯುತ್ತಿದ್ದರು. ಅವರೂ ನಮ್ಮ ಸಾಲವನ್ನು ತೀರಿಸದೆ ಬಿಟ್ಟಿಲ್ಲ. ಟ್ರ್ಯಾಕ್ಸಿನವರು ಪಾಳಿಯಲ್ಲಿ ನಿಂತು “ಎರಡ ಸೀಟ ಬರಲಿ, ಹೊಂಡೂಣು” ಎನ್ನುತ್ತಾರೆ. ಅಜ್ಜಿ ಒಂದು ಸೀಟು, ಬಾಣಂತಿ ಒಂದು ಸೀಟು, ನಿವೃತ್ತ ಮಾಸ್ತರನೂ ಒಂದು ಸೀಟು. ಒಬ್ಬರು ಗಾಡಿಯಾಗಿ, ಇನ್ನೊಬ್ಬರು ಆಸನವಾಗಿ ಮಿರಜ ಮುಟ್ಟುತ್ತೇವೆ.

ಆದರೆ ಹೊಳೆಯ ಮೇಲೆ ಹಾಗಿರಲಿಲ್ಲ. ನಮ್ಮೂರಿನ ಅತ್ಯಂತ ಹಳೆಯ ಬಾಡಿಗೆ ವಾಹನವೆಂದರೆ ಖಿದ್ರಾಪುರಕ್ಕೆ ದಾಟಿಸುವ ನಾವೆ. ದಡದಲ್ಲಿ ನಿಂತು “ಏ ನಾವೆ” ಎಂದು ಕೂಗಿದವರನ್ನು ನಾನು ಕಂಡಿಲ್ಲ. “ಏ ಕಾಕಾ, ಬಾರೋ” ಎಂದೇ ಕೂಗುತ್ತಿದ್ದರು. ಅವನಿಗೂ ಯಾರ ಮನೆಯ ಮಗಳು ಆಚೆ ದಡದ ಯಾವ ಮನೆಯ ಸೊಸೆ ಎಂಬುದು ಗೊತ್ತಿತ್ತು. ಮಹಾಪೂರದ ದಿನ ಅವನು “ಇವತ್ತ ಬ್ಯಾಡ” ಎಂದರೆ ಗೌಡರೂ ಮರಳುತ್ತಿದ್ದರು. ಈಗಲೂ ವಡಾಪಿನಲ್ಲಿ ಕೆಲವು ಹೆಣ್ಣುಮಕ್ಕಳು ಚಾಲಕನಿಗೆ ‘ಮಾಮಾ, ಅಣ್ಣಾ’ ಎನ್ನುತ್ತಾರೆ. ಆಗ ಅವನು ಮನೆಯ ಬಾಗಿಲ ತನಕ ಬಿಟ್ಟು ಬರುವುದನ್ನು ನಾನು ನೋಡಿದ್ದೇನೆ.

ಜಪಾನನ್ನು ಹೊಗಳಿ ನಮ್ಮನ್ನು ತೆಗಳುವ ಉದ್ದೇಶ ನನ್ನದಲ್ಲ. ‘ಸಾನ್’ ಹಚ್ಚುವ ಆ ನಾಡಿನಲ್ಲಿಯೂ ಎಳೆಯುವವನ ಸ್ಥಾನ ಯಾವುದಾಗಿತ್ತು ಎಂಬುದಕ್ಕೆ ಒಂದು ಚಲನಚಿತ್ರದ ಕಥೆ ಸಾಕು. ಇನಾಗಾಕಿ ಹಿರೋಶಿ 1943ರಲ್ಲಿ ರಿಕ್ಷಾ ಎಳೆಯುವ ಮಾತ್ಸುಗೊರೋ ಎಂಬವನ ಬಾಳಿನ ಚಿತ್ರ ತೆಗೆದರು. ಸೈನ್ಯಾಧಿಕಾರಿಯೊಬ್ಬ ತೀರಿಕೊಂಡ ಮೇಲೆ ಅವನ ಹೆಂಡತಿ ಮಗನಿಗೆ ಆಸರೆಯಾಗಿ ನಿಂತವನು ಮಾತ್ಸುಗೊರೋ. ಕೊನೆಗೊಮ್ಮೆ ಆ ವಿಧವೆಯೆದುರು ತನ್ನ ಮನಸ್ಸನ್ನು ಬಿಚ್ಚಿಡುವ ದೃಶ್ಯವಿತ್ತು. ಸೆನ್ಸಾರಿನವರು ಅದನ್ನು ಕತ್ತರಿಸಿದರು: ಗಾಡಿ ಎಳೆಯುವವನು ಅಧಿಕಾರಿಯ ವಿಧವೆಯನ್ನು ಪ್ರೀತಿಸುವುದೆಂದರೇನು? ನಿರ್ದೇಶಕರು ಹದಿನೈದು ವರ್ಷ ಕಾದು, 1958ರಲ್ಲಿ ಅದೇ ಕಥೆಯನ್ನು ಮಿಫುನೆ ತೊಶಿರೋ ಅವರಿಂದ ಮತ್ತೆ ಮಾಡಿಸಿದರು. ಆ ಚಿತ್ರ ವೆನಿಸ್ಸಿನಲ್ಲಿ ಪರಮೋಚ್ಚ ಪ್ರಶಸ್ತಿ ಪಡೆಯಿತು. ನಮ್ಮಲ್ಲಿ ಬಿಮಲ್ ರಾಯ್ 1953ರಲ್ಲಿ ‘ದೋ ಬೀಘಾ ಜಮೀನ್’ ತೆಗೆದಾಗ, ಬಲರಾಜ್ ಸಾಹ್ನಿ ಪಾತ್ರಕ್ಕಾಗಿ ಕಲಕತ್ತೆಯ ಬೀದಿಯಲ್ಲಿ ನಿಜವಾಗಿಯೂ ಗಾಡಿ ಎಳೆದು ಅಭ್ಯಾಸ ಮಾಡಿದ್ದರು. ಎರಡೆಕರೆಯೂ ಇಲ್ಲದ ಭೂಮಿಗಾಗಿ ಪೇಟೆಗೆ ಹೋಗಿ ಬೆವರು ಸುರಿಸುವ ರೈತನ ಆ ಕಥೆಯನ್ನು ನಮ್ಮ ಭಾಗದವರಿಗೆ ವಿವರಿಸಬೇಕಾಗಿಲ್ಲ.

ಕೈಯಿಂದ ಎಳೆಯುವ ರಿಕ್ಷಾವನ್ನು ತಮಿಳುನಾಡಿನಲ್ಲಿ ಕರುಣಾನಿಧಿಯವರ ಸರ್ಕಾರ 1973ರಲ್ಲಿ ನಿಲ್ಲಿಸಿತು. ಮಹಾರಾಷ್ಟ್ರದ ಮಾಥೇರಾನ್ ಬೆಟ್ಟದಲ್ಲಿ, ಮೋಟಾರು ವಾಹನಗಳಿಗೆ ಅಲ್ಲಿ ನಿಷೇಧವಿದ್ದುದರಿಂದ, ಅದು ಮೊನ್ನೆಮೊನ್ನೆಯವರೆಗೂ ನಡೆದಿತ್ತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಇದು ಮನುಷ್ಯನ ಘನತೆಗೆ ತಕ್ಕುದಲ್ಲ ಎಂದು ಹೇಳಿ, ಆರು ತಿಂಗಳೊಳಗೆ ನಿಲ್ಲಿಸಿ ಎಳೆಯುವವರಿಗೆ ವಿದ್ಯುತ್ ರಿಕ್ಷಾಗಳ ವ್ಯವಸ್ಥೆ ಮಾಡಬೇಕೆಂದು ಆದೇಶಿಸಿತು. ಮಿರಜದಿಂದ ಒಂದು ರಾತ್ರಿಯ ದಾರಿಯಲ್ಲಿ, ಜಿನ್‌ರಿಕಿಶಾ ಹುಟ್ಟಿ ಒಂದೂವರೆ ಶತಮಾನ ಕಳೆದ ಮೇಲೆ ಬಂದ ತೀರ್ಪು ಅದು.

ಹೊರಡುವ ವಿದ್ಯಾರ್ಥಿಗೆ ಉಳಿದ ಒಂದೆರಡು ಮಾತು. ಜಪಾನಿನ ಟ್ಯಾಕ್ಸಿಯಲ್ಲಿ ಮುಂದುಗಡೆ ಚಾಲಕರ ಹೆಸರು ಕಾಣುವಂತೆ ಇರುತ್ತದೆ ಎಂದು ಹಳೆಯ ಪುಸ್ತಕಗಳಲ್ಲಿ ಓದಿದ್ದೀಯೆ. ಹೆಸರನ್ನು ಹಾಗೆ ತೋರಿಸಲೇಬೇಕೆಂಬ ನಿಯಮವನ್ನು 2023ರ ಆಗಸ್ಟ್‌ನಲ್ಲಿ ತೆಗೆದುಹಾಕಿದ್ದಾರೆ. ಹೆಸರನ್ನು ಅಂತರ್ಜಾಲದಲ್ಲಿ ಹಾಕಿ ಚಾಲಕರನ್ನು ಕಾಡುವವರು ಹೆಚ್ಚಿದ್ದೇ ಅದಕ್ಕೆ ಕಾರಣ. ಆದ್ದರಿಂದ ಹೆಸರು ಕಾಣದಿದ್ದರೆ ಹುಡುಕಬೇಡ, ‘ಉನ್‌ತೆನ್‌ಶು-ಸಾನ್’ ಎಂದರೆ ಸಾಕು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಬಾಡಿಗೆ ನೂರಕ್ಕೆ ಇಪ್ಪತ್ತು ಹೆಚ್ಚು. ಉಳಿದುಕೊಳ್ಳುವ ಜಾಗದ ವಿಳಾಸವನ್ನು ಅವರ ಲಿಪಿಯಲ್ಲಿ ಬರೆಸಿ ಜೇಬಿನಲ್ಲಿಟ್ಟುಕೋ, ಅದನ್ನು ತೋರಿಸಿ ‘ಕೊಕೊ ಮದೆ ಒನೆಗಾಯ್ ಶಿಮಾಸು’ ಎನ್ನು. ಕೊನೆಯ ‘ಸು’ ಪೂರ್ತಿ ಉಚ್ಚರಿಸಬೇಡ, ನಮ್ಮ ‘ಬಸ್’ ಎಂಬಲ್ಲಿಯ ‘ಸ್’ನಂತೆ ಬಿಟ್ಟುಬಿಡು.